ತಂದದ್ದೆಲ್ಲ ತಟ್ಟೆಗೆ ಬರಲಿ: ದಿನಸಿ ಖರ್ಚು ಇಳಿಸಿ, ತರಕಾರಿ ಹಣ್ಣು ಪೂರ್ತಿ ಬಳಸುವ ಬಗೆ

ದಿನಸಿ ಖರ್ಚು ಕಮ್ಮಿ ಮಾಡಬೇಕು ಅಂದ ಕೂಡಲೇ ಎಲ್ಲರ ಯೋಚನೆಯೂ ಅಂಗಡಿ ಕಡೆ ಓಡುತ್ತದೆ. ಎಲ್ಲಿ ಅಗ್ಗ, ಯಾವಾಗ ರಿಯಾಯಿತಿ, ಯಾವುದಕ್ಕೆ ಒಂದು ತಗೊಂಡರೆ ಇನ್ನೊಂದು ಉಚಿತ. ನಾನೂ ವರ್ಷಗಟ್ಟಲೆ ಹಾಗೇ ಓಡಾಡಿದ್ದೇನೆ. ಆಮೇಲೆ ಒಂದು ತಿಂಗಳು ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕಸಕ್ಕೆ ಹಾಕುವ ಪ್ರತಿಯೊಂದು ತಿನ್ನುವ ಪದಾರ್ಥವನ್ನೂ ಅದರಲ್ಲಿ ಬರೆದೆ. ಅರ್ಧ ಕಟ್ಟು ಕೊತ್ತಂಬರಿ ಸೊಪ್ಪು, ಮೆತ್ತಗಾದ ಎರಡು ಸೌತೆಕಾಯಿ, ಬೂಷ್ಟು ಹಿಡಿದ ಬ್ರೆಡ್, ಡಬ್ಬಿಯ ಹಿಂದೆ ಮರೆತೇ ಹೋಗಿದ್ದ ಮೊನ್ನೆಯ ಅಡುಗೆ. ಬರೆಯುವಾಗ ಒಂದೊಂದೂ ಚಿಕ್ಕದೇ. ತಿಂಗಳ ಕೊನೆಗೆ ಒಟ್ಟಿಗೆ ಓದಿದಾಗ ಮಾತ್ರ ನಿಜವಾಗಿ ಬೇಜಾರಾಯಿತು. ಅಂಗಡಿ ಅಂಗಡಿ ಸುತ್ತಿ ಉಳಿಸಿದ ದುಡ್ಡಿಗಿಂತ ಜಾಸ್ತಿ ದುಡ್ಡು ಕಸದ ಬುಟ್ಟಿಗೆ ಹೋಗಿತ್ತು.

ಇದು ನನ್ನ ಮನೆಯೊಂದರ ಕತೆಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಗಿದೆ. ಅದರಲ್ಲಿ ಶೇ. 60ರಷ್ಟು ಪೋಲಾದದ್ದು ಮನೆಗಳಲ್ಲೇ. ಹೋಟೆಲು, ಅಂಗಡಿ ಎರಡೂ ಸೇರಿದರೂ ಮನೆಯಷ್ಟಿಲ್ಲ. ಮನೆಯಲ್ಲಿ ಪೋಲಾದದ್ದೇ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಸರಾಸರಿ 79 ಕೆಜಿ.

ಅದಕ್ಕೇ ಬೆಲೆ ಲೆಕ್ಕ ಹಾಕುವ ರೀತಿಯನ್ನೇ ಬದಲಾಯಿಸಿಕೊಳ್ಳಿ ಅಂತ ಹೇಳುತ್ತೇನೆ. ಕೊಟ್ಟ ದುಡ್ಡನ್ನು ತಂದ ತೂಕಕ್ಕೆ ಭಾಗಿಸಬೇಡಿ, ತಿಂದ ತೂಕಕ್ಕೆ ಭಾಗಿಸಿ. ಎರಡು ಕೆಜಿ ಟೊಮೆಟೊ ಅಗ್ಗಕ್ಕೆ ಸಿಕ್ಕಿತು, ಅದರಲ್ಲಿ ಒಂದು ಕೆಜಿ ಕೊಳೆಯಿತು ಅಂದರೆ ನೀವು ತಿಂದ ಟೊಮೆಟೊಗೆ ಎರಡು ಪಟ್ಟು ಬೆಲೆ ಕೊಟ್ಟ ಹಾಗಾಯಿತು. ಪಕ್ಕದ ಅಂಗಡಿಯಲ್ಲಿ ಸ್ವಲ್ಪ ದುಬಾರಿಗೆ ಒಂದೇ ಕೆಜಿ ತಂದು ಪೂರ್ತಿ ತಿಂದವರು ನಿಮಗಿಂತ ಅಗ್ಗಕ್ಕೆ ತಿಂದರು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಕೆಳಗಿನ ಮಾತೆಲ್ಲ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಮೊದಲು ಮನೆ, ಆಮೇಲೆ ಅಂಗಡಿ

ಅಂಗಡಿಗೆ ಹೊರಡುವ ಮುಂಚೆ ಫ್ರಿಜ್ ತೆಗೆದು ನೋಡಿ. ಸುಮ್ನೆ ಇಣುಕಿದರೆ ಸಾಲದು, ತರಕಾರಿ ಡ್ರಾಯರ್ ಹೊರಗೆ ಎಳೆದು, ಏನೇನಿದೆ, ಯಾವುದಕ್ಕೆ ಎಷ್ಟು ದಿನ ಆಯಸ್ಸಿದೆ ಅಂತ ನೋಡಿ. ಮುಂದಿನ ಎರಡು ಮೂರು ದಿನದ ಅಡುಗೆಯನ್ನು ಅಲ್ಲಿ ಇರುವುದರ ಮೇಲೆ ತೀರ್ಮಾನ ಮಾಡಿ. ಸಾಮಾನ್ಯವಾಗಿ ನಾವು ಉಲ್ಟಾ ಮಾಡುತ್ತೇವೆ. ಏನೋ ಒಂದು ಅಡುಗೆ ಮನಸ್ಸಿಗೆ ಬರುತ್ತದೆ, ಅದಕ್ಕೆ ಬೇಕಾದ್ದನ್ನೆಲ್ಲ ತರುತ್ತೇವೆ, ಮನೆಯಲ್ಲಿದ್ದ ಹೂಕೋಸು ಮೂಲೆಯಲ್ಲಿ ಕಪ್ಪಾಗುತ್ತಾ ಕೂತಿರುತ್ತದೆ. ಇರುವುದಕ್ಕೆ ಏನು ಸೇರಿಸಿದರೆ ಒಂದು ಹೊತ್ತಿನ ಊಟ ಆಗುತ್ತದೆ ಅಂತ ಕೇಳಿಕೊಂಡರೆ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಏಳು ದಿನಕ್ಕೆ ಏಳು ಅಡುಗೆ ಬರೆದಿಡುವ ಪದ್ಧತಿ ನನಗೆ ಹಿಡಿಸಲಿಲ್ಲ. ಯಾವುದಾದರೂ ಒಂದು ದಿನ ಹೊರಗೆ ಊಟ ಆಗುತ್ತದೆ, ಒಂದು ದಿನ ಅಡುಗೆ ಮಾಡಲು ಮನಸ್ಸೇ ಇರುವುದಿಲ್ಲ. ವಾರಕ್ಕೆ ಐದು ದಿನದ ಲೆಕ್ಕ ಹಾಕಿ, ಉಳಿದ ಎರಡು ದಿನ ಉಳಿಕೆಗೆ ಬಿಡಿ. ಆ ಎರಡು ದಿನವೇ ಫ್ರಿಜ್ ಖಾಲಿ ಆಗುವುದು.

ಪಟ್ಟಿಯಲ್ಲಿ ಬರೀ ಹೆಸರು ಬರೆಯಬೇಡಿ, ಪ್ರಮಾಣ ಬರೆಯಿರಿ. ‘ಕ್ಯಾರೆಟ್’ ಅಂತ ಇದ್ದರೆ ಕೈಗೆ ಬಂದಷ್ಟು ತರುತ್ತೀರಿ. ‘ಕ್ಯಾರೆಟ್ ನಾಲ್ಕು’ ಅಂತ ಇದ್ದರೆ ನಾಲ್ಕೇ ತರುತ್ತೀರಿ. ಹೊಟ್ಟೆ ಹಸಿದಾಗ ಹೋಗಬೇಡಿ ಅನ್ನುವ ಮಾತು ಹಳೆಯದು, ಆದರೆ ನಿಜ.

ಅಂಗಡಿಯಲ್ಲಿ

ಪೊಟ್ಟಣದ ಬೆಲೆ ನೋಡಬೇಡಿ, ಕೆಜಿಗೆ ಅಥವಾ 100 ಗ್ರಾಮಿಗೆ ಎಷ್ಟು ಬೀಳುತ್ತದೆ ನೋಡಿ. ಬೆಲೆ ಚೀಟಿಯಲ್ಲಿ ಚಿಕ್ಕ ಅಕ್ಷರದಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಮೊಬೈಲಲ್ಲಿ ಭಾಗಿಸಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅಂತೇನಿಲ್ಲ, ಕೆಲವೊಮ್ಮೆ ಎರಡು ಚಿಕ್ಕವು ಸೇರಿದರೂ ಕಮ್ಮಿ ಆಗುತ್ತದೆ. ಕಪಾಟಿನಲ್ಲಿ ಕಣ್ಣಿನ ಎತ್ತರಕ್ಕೆ ಜೋಡಿಸಿರುವುದು ಅಂಗಡಿಯವರು ಮಾರಬೇಕು ಅಂದುಕೊಂಡ ಸರಕು. ಮೇಲಿನ ಮತ್ತು ಕೆಳಗಿನ ಸಾಲಿಗೂ ಕಣ್ಣು ಹಾಯಿಸಿ.

ದೊಡ್ಡ ಚೀಲ ತರಬಹುದಾದ್ದು ಒಣ ಪದಾರ್ಥಗಳನ್ನು. ಅಕ್ಕಿ, ಬೇಳೆ, ಕಾಳು, ಸಕ್ಕರೆ, ಉಪ್ಪು ಇವು ತೇವ ಮತ್ತು ಹುಳದಿಂದ ದೂರ ಇದ್ದರೆ ತಿಂಗಳುಗಟ್ಟಲೆ ಇರುತ್ತವೆ. ಆದರೆ ಎಣ್ಣೆ, ಗೋಡಂಬಿ ಬಾದಾಮಿಯಂಥವು, ತೌಡು ತೆಗೆಯದ ಧಾನ್ಯದ ಹಿಟ್ಟು, ಇವುಗಳಲ್ಲಿ ಕೊಬ್ಬಿನ ಅಂಶ ಇರುವುದರಿಂದ ಗಾಳಿ ಬೆಳಕು ತಾಗಿ ಕಮಟು ವಾಸನೆ ಬರುತ್ತದೆ. ಅವನ್ನು ಬೇಕಾದಷ್ಟೇ ತನ್ನಿ.

ಒಣ ಕಾಳು ನೆನೆಸಿ ಬೇಯಿಸುವುದು ಡಬ್ಬಿಯಲ್ಲಿ ಬೇಯಿಸಿ ಇಟ್ಟದ್ದನ್ನು ಕೊಳ್ಳುವುದಕ್ಕಿಂತ ಬಹಳ ಅಗ್ಗ. ಒಂದು ಲೋಟ ಒಣ ಕಾಳು ಬೆಂದ ಮೇಲೆ ಎರಡೂವರೆ ಮೂರು ಲೋಟ ಆಗುತ್ತದೆ. ಒಟ್ಟಿಗೆ ಬೇಯಿಸಿ ಭಾಗ ಮಾಡಿ ಫ್ರೀಜರ್‌ಗೆ ಹಾಕಿಟ್ಟರೆ ಡಬ್ಬಿಯಷ್ಟೇ ಸಲೀಸು. ಒಂದೇ ಎಚ್ಚರಿಕೆ: ರಾಜ್ಮಾ ಕಾಳನ್ನು ಅರೆಬೆಂದ ಸ್ಥಿತಿಯಲ್ಲಿ ತಿನ್ನಬಾರದು. ಅದರಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಿ. ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ವಿಷ ಹೋಗುವುದಿಲ್ಲ, ಕುದಿಯಲೇಬೇಕು.

ತರಕಾರಿ ಹಣ್ಣಿನ ವಿಷಯಕ್ಕೆ ಬಂದರೆ, ಆಯಾ ಕಾಲದಲ್ಲಿ ಬೆಳೆಯುವುದೇ ಅಗ್ಗ, ರುಚಿಯೂ ಅದಕ್ಕೇ. ಹೆಚ್ಚಿ ಪೊಟ್ಟಣ ಕಟ್ಟಿದ ತರಕಾರಿ ಮಾತ್ರ ಬೇಡ. ಹೆಚ್ಚಿದ ಕೂಲಿಯೂ ನಿಮ್ಮದೇ, ಕತ್ತರಿಸಿದ ಜಾಗದಿಂದ ರಸ ಒಸರಿ ಬೇಗ ಕೆಡುವ ನಷ್ಟವೂ ನಿಮ್ಮದೇ. ಫ್ರೀಜ್ ಮಾಡಿದ ಬಟಾಣಿ, ಬೀನ್ಸ್, ಜೋಳ ಮಾತ್ರ ಬೇರೆ ಮಾತು. ಕಿತ್ತ ಸ್ವಲ್ಪ ಹೊತ್ತಿನಲ್ಲೇ ಅವನ್ನು ಹೆಪ್ಪುಗಟ್ಟಿಸುವುದರಿಂದ ಸತ್ವ ಹೆಚ್ಚುಕಮ್ಮಿ ಹಾಗೇ ಉಳಿದಿರುತ್ತದೆ. ನಾಲ್ಕು ದಿನ ಅಂಗಡಿಯಲ್ಲಿ, ನಾಲ್ಕು ದಿನ ನಮ್ಮ ಫ್ರಿಜ್‌ನಲ್ಲಿ ಕೂತ ‘ತಾಜಾ’ ಬೀನ್ಸ್‌ಗಿಂತ ಅದೇ ಎಷ್ಟೋ ವಾಸಿ. ಬೇಕಾದ ಒಂದು ಹಿಡಿ ತೆಗೆದು ಉಳಿದದ್ದು ಒಳಗಿಟ್ಟರಾಯಿತು, ಏನೂ ದಂಡವಾಗುವುದಿಲ್ಲ.

ಇನ್ನೊಂದು ವಿಷಯ ಗೊತ್ತಿದ್ದರೆ ಹಣ್ಣಿನ ದುಡ್ಡು ತುಂಬ ಉಳಿಯುತ್ತದೆ. ಕೆಲವು ಹಣ್ಣು ಗಿಡದಿಂದ ಕಿತ್ತ ಮೇಲೂ ಮಾಗುತ್ತವೆ: ಬಾಳೆ, ಮಾವು, ಪಪ್ಪಾಯಿ, ಟೊಮೆಟೊ, ಬೆಣ್ಣೆಹಣ್ಣು, ಸೇಬು, ಮರಸೇಬು. ಕೆಲವು ಕಿತ್ತ ಮೇಲೆ ಮಾಗುವುದಿಲ್ಲ: ದ್ರಾಕ್ಷಿ, ಕಿತ್ತಳೆ, ನಿಂಬೆ, ಸ್ಟ್ರಾಬೆರಿ, ಅನಾನಸ್. ಹುಳಿ ದ್ರಾಕ್ಷಿಯನ್ನು ಮನೆಗೆ ತಂದು ಒಂದು ವಾರ ಕಾದರೂ ಸಿಹಿ ಆಗುವುದಿಲ್ಲ, ಕೊಳೆಯುತ್ತದೆ ಅಷ್ಟೇ. ಹಾಗಾಗಿ ಎರಡನೇ ಗುಂಪಿನದನ್ನು ತಿನ್ನಲು ಸಿದ್ಧವಾಗಿದ್ದರೆ ಮಾತ್ರ ತನ್ನಿ. ಮೊದಲನೇ ಗುಂಪಿನದನ್ನು ಬೇರೆ ಬೇರೆ ಹದದಲ್ಲಿ ತನ್ನಿ. ಎರಡು ಪೂರ್ತಿ ಹಣ್ಣು, ಎರಡು ದೋರೆಗಾಯಿ, ಎರಡು ಗಟ್ಟಿ ಕಾಯಿ. ಒಂದೇ ದಿನ ಎಲ್ಲವೂ ಹಣ್ಣಾಗಿ ನಿಮ್ಮ ಮುಖ ನೋಡುತ್ತಾ ಕೂರುವ ಪಾಡು ತಪ್ಪುತ್ತದೆ.

ತೀರ ಮಾಗಿದೆ ಅಂತ ಅರ್ಧ ಬೆಲೆಗೆ ಕೊಡುವ ತರಕಾರಿ ಹಣ್ಣು ಒಳ್ಳೆಯ ವ್ಯಾಪಾರವೇ, ಅವತ್ತೇ ಬೇಯಿಸುವ ಹಾಗಿದ್ದರೆ. ಆ ಸಂಜೆ ಬಿಡುವಿಲ್ಲ ಅಂದರೆ ಅದನ್ನು ಮುಟ್ಟಬೇಡಿ.

ಚೀಲ ಇಳಿಸಿದ ಮೇಲಿನ ಇಪ್ಪತ್ತು ನಿಮಿಷ

ಇಲ್ಲೇ ಅರ್ಧ ಗೆಲುವು ಇರುವುದು. ಅಂಗಡಿಯಿಂದ ಸುಸ್ತಾಗಿ ಬಂದಿರುತ್ತೇವೆ, ಚೀಲ ಸಮೇತ ಫ್ರಿಜ್‌ಗೆ ತುರುಕಿ ಬಾಗಿಲು ಹಾಕಿದರೆ ಸಾಕು ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಿತ್ತ ತರಕಾರಿ ಸತ್ತ ವಸ್ತುವಲ್ಲ, ಅದು ಇನ್ನೂ ಉಸಿರಾಡುತ್ತಿರುತ್ತದೆ. ಆಮ್ಲಜನಕ ಎಳೆದುಕೊಂಡು, ತನ್ನಲ್ಲಿರುವ ಸಕ್ಕರೆ ಖರ್ಚು ಮಾಡಿ, ನೀರು ಮತ್ತು ಶಾಖ ಬಿಡುತ್ತಾ ಇರುತ್ತದೆ. ಬಿಗಿಯಾದ ಪ್ಲಾಸ್ಟಿಕ್ ಚೀಲದ ಒಳಗೆ ಹನಿ ಕಟ್ಟುವುದು ಇದಕ್ಕೇ. ಆ ಹನಿಯಲ್ಲೇ ಕೊಳೆ ಶುರುವಾಗುತ್ತದೆ. ನೀರು ತೀರ ಹೊರಗೆ ಹೋದರೆ ಬಾಡುತ್ತದೆ, ಹೋಗದೆ ಮೈಮೇಲೆ ನಿಂತರೆ ಕೊಳೆಯುತ್ತದೆ. ತರಕಾರಿ ಇಡುವ ಜಾಣತನವೆಲ್ಲ ಈ ಎರಡರ ನಡುವೆ ಇದೆ.

ಸೊಪ್ಪಿನಿಂದ ಶುರು ಮಾಡಿ, ಯಾಕೆಂದರೆ ಮೊದಲು ಹೋಗುವುದು ಅದೇ. ಕಟ್ಟು ಬಿಚ್ಚಿ. ದಾರ ಅಥವಾ ರಬ್ಬರ್ ಬ್ಯಾಂಡ್ ಬಿಗಿದ ಜಾಗದಲ್ಲೇ ಎಲೆ ಜಜ್ಜಿ ಲೋಳೆ ಆಗುತ್ತದೆ. ಹಳದಿ ಎಲೆ, ಕೊಳೆತ ಎಲೆ ಆರಿಸಿ ತೆಗೆಯಿರಿ, ಒಂದು ಕೊಳೆತ ಎಲೆ ಪಕ್ಕದ ನಾಲ್ಕನ್ನು ಹಾಳು ಮಾಡುತ್ತದೆ. ತೊಳೆಯಬೇಡಿ. ಒಣ ಬಟ್ಟೆಯಲ್ಲೋ ಕಾಗದದ ಟವೆಲ್‌ನಲ್ಲೋ ಸಡಿಲವಾಗಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್‌ನಲ್ಲಿಡಿ. ಎರಡು ದಿನಕ್ಕೊಮ್ಮೆ ಬಟ್ಟೆ ಒದ್ದೆ ಆಗಿದೆಯಾ ಅಂತ ನೋಡಿ ಬದಲಾಯಿಸಿ. ಮೊದಲೇ ತೊಳೆದಿಡಲೇಬೇಕು, ಬೆಳಿಗ್ಗೆ ಸಮಯ ಸಿಗಲ್ಲ ಅನ್ನುವವರು ತೊಳೆದ ಮೇಲೆ ಪೂರ್ತಿ ಆರಿಸಿ. ‘ಪೂರ್ತಿ’ ಅಂದರೆ ಪೂರ್ತಿ, ಒದ್ದೆ ಇಟ್ಟ ಸೊಪ್ಪು ಮೂರನೇ ದಿನಕ್ಕೆ ಲೋಳೆ.

ಕೊತ್ತಂಬರಿ, ಪುದೀನ, ಪಾರ್ಸ್ಲಿ ಇವನ್ನು ಹೂವಿನ ಹಾಗೆ ನೋಡಿಕೊಳ್ಳಿ. ದಂಟಿನ ತುದಿ ಒಂದಿಷ್ಟು ಕತ್ತರಿಸಿ, ಲೋಟದಲ್ಲಿ ಎರಡು ಬೆರಳು ನೀರು ಹಾಕಿ ಅದರಲ್ಲಿ ನಿಲ್ಲಿಸಿ, ಮೇಲೆ ಒಂದು ಚೀಲ ಸಡಿಲವಾಗಿ ಹೊದಿಸಿ ಫ್ರಿಜ್‌ನಲ್ಲಿಡಿ. ನೀರು ಆಗಾಗ ಬದಲಾಯಿಸಿ. ನನ್ನ ಹಾಳೆಯಲ್ಲಿ ಅತಿ ಹೆಚ್ಚು ಸಲ ಬಂದ ಹೆಸರು ಕೊತ್ತಂಬರಿ, ಈ ಒಂದು ಅಭ್ಯಾಸದಿಂದ ಅದು ಹಾಳೆಯಿಂದ ಮಾಯವಾಯಿತು. ಬೇಸಿಲ್ ತುಳಸಿಗೆ ಮಾತ್ರ ಚಳಿ ಆಗದು, ಫ್ರಿಜ್‌ನಲ್ಲಿ ಕಪ್ಪಾಗುತ್ತದೆ, ಅದರ ಲೋಟ ಹೊರಗೇ ಇರಲಿ.

ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್ ಸೊಪ್ಪಿನ ಸಮೇತ ಸಿಕ್ಕಿದರೆ ಮನೆಗೆ ಬಂದ ಕೂಡಲೇ ಸೊಪ್ಪನ್ನು ಬೇರೆ ಮಾಡಿ. ಬಿಟ್ಟರೆ ಎಲೆ ಗೆಡ್ಡೆಯ ನೀರನ್ನು ಎಳೆದು ಗೆಡ್ಡೆಯನ್ನು ಜೊಳ್ಳು ಮಾಡುತ್ತದೆ. ಕತ್ತರಿಸಿದ ಆ ಸೊಪ್ಪನ್ನು ಎಸೆಯಬೇಡಿ, ಅದೂ ಸೊಪ್ಪೇ ಅಲ್ವಾ, ಬೇಯಿಸಿ ತಿನ್ನಬಹುದು. ಒಂದೇ ಬೆಲೆಗೆ ಎರಡು ತರಕಾರಿ.

ಅಣಬೆ ಪ್ಲಾಸ್ಟಿಕ್‌ನಲ್ಲಿ ಬೆವರಿ ಜಾರುತ್ತದೆ. ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿ ಫ್ರಿಜ್‌ನಲ್ಲಿಡಿ.

ಯಾರ ಪಕ್ಕ ಯಾರು

ಮಾಗುವ ಹಣ್ಣುಗಳು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಕಣ್ಣಿಗೆ ಕಾಣದು. ಸೇಬು, ಮಾಗಿದ ಬಾಳೆ, ಟೊಮೆಟೊ, ಮಾವು, ಬೆಣ್ಣೆಹಣ್ಣು ಇದನ್ನು ಜಾಸ್ತಿ ಬಿಡುತ್ತವೆ. ಪಕ್ಕದಲ್ಲಿರುವ ಸೊಪ್ಪು ಹಳದಿ ಆಗುವುದು, ಬ್ರಾಕೊಲಿ ಹೂ ಬಿರಿದ ಹಾಗೆ ಹಳದಿ ತಿರುಗುವುದು, ಸೌತೆಕಾಯಿ ಬಣ್ಣ ಕೆಟ್ಟು ಮೆತ್ತಗಾಗುವುದು, ಕ್ಯಾರೆಟ್ ಕಹಿ ಆಗುವುದು, ಎಲ್ಲಕ್ಕೂ ಈ ಅನಿಲ ಕಾರಣ ಆಗಬಹುದು. ಅಂಗಡಿಯವರು ಕೆಟ್ಟ ಕ್ಯಾರೆಟ್ ಕೊಟ್ಟರು ಅಂತ ನಾನು ಎಷ್ಟೋ ಸಲ ಬೈದುಕೊಂಡಿದ್ದೆ, ಅದರ ಪಕ್ಕದಲ್ಲಿ ಸೇಬು ಇಟ್ಟಿದ್ದು ನಾನೇ. ಹಾಗಾಗಿ ಹಣ್ಣಿಗೆ ಒಂದು ಡ್ರಾಯರ್, ಸೊಪ್ಪು ತರಕಾರಿಗೆ ಒಂದು ಡ್ರಾಯರ್. ಡ್ರಾಯರ್‌ಗೆ ಗಾಳಿ ಕಿಂಡಿಯ ಗುಬುಟು ಇದ್ದರೆ ಹಣ್ಣಿನದನ್ನು ತೆರೆದಿಡಿ, ಅನಿಲ ಹೊರಗೆ ಹೋಗಲಿ. ಸೊಪ್ಪಿನದನ್ನು ಮುಚ್ಚಿ, ತೇವ ಒಳಗೆ ಉಳಿಯಲಿ.

ಇದೇ ಅನಿಲವನ್ನು ನಿಮ್ಮ ಕೆಲಸಕ್ಕೂ ಹಚ್ಚಬಹುದು. ಗಟ್ಟಿ ಮಾವು ಅಥವಾ ಬೆಣ್ಣೆಹಣ್ಣು ಬೇಗ ಹಣ್ಣಾಗಬೇಕಾ? ಕಾಗದದ ಚೀಲದಲ್ಲಿ ಒಂದು ಸೇಬಿನ ಜೊತೆ ಹಾಕಿ ಹೊರಗಿಡಿ. ಹಣ್ಣಾದ ಮೇಲೆ ಫ್ರಿಜ್‌ಗೆ ಹಾಕಿ, ಇನ್ನೂ ಎರಡು ಮೂರು ದಿನ ನಿಲ್ಲುತ್ತದೆ.

ಫ್ರಿಜ್ ಎಲ್ಲದಕ್ಕೂ ಮನೆಯಲ್ಲ. ಬೆಚ್ಚಗಿನ ನಾಡಿನ ಗಿಡಗಳಿಗೆ ಅದು ವಿಪರೀತ ಚಳಿ. ಬಾಳೆಹಣ್ಣಿನ ಸಿಪ್ಪೆ ಸುಮಾರು 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ, ಕಾಯಿ ಇದ್ದರೆ ಆಮೇಲೆ ಸರಿಯಾಗಿ ಹಣ್ಣೂ ಆಗುವುದಿಲ್ಲ. ಪೂರ್ತಿ ಹಣ್ಣಾದದ್ದನ್ನು ಒಳಗಿಟ್ಟರೆ ಸಿಪ್ಪೆ ಕಪ್ಪಾದರೂ ತಿರುಳು ಚೆನ್ನಾಗಿರುತ್ತದೆ. ಟೊಮೆಟೊ 12 ಡಿಗ್ರಿಗಿಂತ ಕೆಳಗೆ ಬಹಳ ದಿನ ಇದ್ದರೆ ಪರಿಮಳ ಕಳೆದುಕೊಳ್ಳುತ್ತದೆ. ಅದನ್ನು ಮಾಗುವ ತನಕ ಹೊರಗೆ, ತೊಟ್ಟಿನ ಭಾಗ ಕೆಳಗೆ ಮಾಡಿ ಇಡಿ. ಮಾಗಿದ ಮೇಲೂ ಬಳಸಲು ಆಗದಿದ್ದರೆ ಮಾತ್ರ ಒಳಗಿಡಿ, ಕೊಳೆಯುವುದಕ್ಕಿಂತ ಪರಿಮಳ ಸ್ವಲ್ಪ ಹೋಗುವುದೇ ಮೇಲು. ಸೌತೆ, ಬದನೆ, ದಪ್ಪ ಮೆಣಸಿನಕಾಯಿ ಸಹ ಚಳಿಗೆ ಹೆದರುವವೇ. ಅವನ್ನು ಫ್ರಿಜ್‌ನ ಹಿಂಬದಿಗೆ ತಳ್ಳದೆ ಮುಂದೆ ಇಟ್ಟು, ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಆಲೂಗಡ್ಡೆಗೆ ಕತ್ತಲು ಬೇಕು, ತಂಪು ಬೇಕು, ಗಾಳಿ ಬೇಕು. ಫ್ರಿಜ್‌ನ ಚಳಿಯಲ್ಲಿ ಅದರ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಹುರಿದಾಗ ಬೇಗ ಕಪ್ಪಾಗುತ್ತದೆ. ಬೆಳಕು ಬಿದ್ದರೆ ಹಸಿರಾಗುತ್ತದೆ. ಹಸಿರಾದ ಕಡೆ ಸೋಲನಿನ್ ಅನ್ನುವ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಮೊಳಕೆಯ ಕಣ್ಣನ್ನು ಅಗೆದು ತೆಗೆಯಿರಿ. ಪೂರ್ತಿ ಹಸಿರಾಗಿದ್ದರೆ, ಬಾಡಿ ಸುಕ್ಕಾಗಿದ್ದರೆ ಆ ಗಡ್ಡೆ ಬೇಡವೇ ಬೇಡ. ಈರುಳ್ಳಿ ಬೆಳ್ಳುಳ್ಳಿಯೂ ಹೊರಗೇ ಇರಬೇಕು, ಆದರೆ ಆಲೂಗಡ್ಡೆ ಬುಟ್ಟಿಯಲ್ಲಲ್ಲ. ಆಲೂಗಡ್ಡೆ ಬಿಡುವ ತೇವಕ್ಕೆ ಈರುಳ್ಳಿ ಕೊಳೆಯುತ್ತದೆ.

ನಿಂಬೆಹಣ್ಣು ಮೇಜಿನ ಮೇಲೆ ಒಂದು ವಾರಕ್ಕೆ ಕಲ್ಲಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ವಾರ ರಸ ಹಾಗೇ ಇರುತ್ತದೆ. ಶುಂಠಿಯನ್ನು ಇಡಿಯಾಗಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ಹೆಪ್ಪುಗಟ್ಟಿದ್ದನ್ನೇ ತುರಿದುಕೊಳ್ಳಿ, ಮಾಮೂಲಿಗಿಂತ ನುಣ್ಣಗೆ ಬರುತ್ತದೆ.

ಫ್ರಿಜ್ ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಮ್ಮಿ ಇರಬೇಕು. ಚಿಕ್ಕ ಥರ್ಮಾಮೀಟರ್ ಇಟ್ಟು ಒಮ್ಮೆ ನೋಡಿ. ಬಾಗಿಲಿನ ಕಪಾಟು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ತೆಗೆದು ಹಾಕುವಾಗೆಲ್ಲ ಅದಕ್ಕೇ ಬಿಸಿ ಗಾಳಿ ಹೊಡೆಯುವುದು. ಹಾಲನ್ನು ಅಲ್ಲಿಡುವ ರೂಢಿ ಬಿಟ್ಟು ಒಳಗಿನ ಕಪಾಟಿಗೆ ಸರಿಸಿ.

ತಿನ್ನುವ ಸರತಿ

ವಾರದ ಮೊದಲ ದಿನಗಳಲ್ಲಿ ಸೊಪ್ಪು, ಅಣಬೆ, ಮೆತ್ತಗಿನ ಹಣ್ಣು. ನಡುವೆ ಬೀನ್ಸ್, ಸೌತೆ, ಬದನೆ, ಹೂಕೋಸು, ಟೊಮೆಟೊ. ಕೊನೆಗೆ ಕೋಸು, ಕ್ಯಾರೆಟ್, ಬೀಟ್‌ರೂಟ್, ಕುಂಬಳ, ಆಲೂಗಡ್ಡೆ. ಇಡೀ ಕೋಸು ಫ್ರಿಜ್‌ನಲ್ಲಿ ವಾರಗಟ್ಟಲೆ ಇರುತ್ತದೆ, ಅದಕ್ಕೆ ಅವಸರವಿಲ್ಲ. ಬಳಸುವಾಗಲೂ ಹೊರಗಿನಿಂದ ಎಲೆ ಬಿಡಿಸಿಕೊಂಡು ಬಂದರೆ ಕತ್ತರಿಸಿದ ಜಾಗ ಒಣಗುವ ತಾಪತ್ರಯವಿಲ್ಲ.

ಫ್ರಿಜ್‌ನಲ್ಲಿ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಒಂದು ಪಾರದರ್ಶಕ ಡಬ್ಬಿ ಇಡಿ. ಬೇಗ ಮುಗಿಸಬೇಕಾದ್ದೆಲ್ಲ ಅದರೊಳಗೆ: ಅರ್ಧ ಈರುಳ್ಳಿ, ತುಂಡು ಕ್ಯಾರೆಟ್, ನಿನ್ನೆ ಹಿಂಡಿ ಉಳಿದ ಅರ್ಧ ನಿಂಬೆ. ಅಡುಗೆ ಶುರು ಮಾಡುವಾಗ ಮೊದಲು ಆ ಡಬ್ಬಿ ತೆಗೆಯುವುದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನಮ್ಮ ಮನೆಯಲ್ಲಿ ಮಕ್ಕಳೂ ಕಲಿತಿದ್ದಾರೆ. ಕಣ್ಣಿಗೆ ಕಾಣದ್ದನ್ನು ಯಾರೂ ತಿನ್ನುವುದಿಲ್ಲ, ಬಚ್ಚಿಟ್ಟ ಹಾಗಿರುವ ತರಕಾರಿ ಡ್ರಾಯರ್‌ನ ದೊಡ್ಡ ತೊಂದರೆ ಅದೇ.

ಬಾಡಿದ್ದು ಕೆಟ್ಟದ್ದಲ್ಲ

ಬಾಡುವುದು ಅಂದರೆ ಜೀವಕೋಶದಲ್ಲಿ ನೀರು ಕಮ್ಮಿಯಾಗಿ ಬಿಗಿ ಹೋಗಿರುವುದು, ಅಷ್ಟೇ. ನೀರು ಕೊಟ್ಟರೆ ಬಿಗಿ ವಾಪಸ್ಸು ಬರುತ್ತದೆ. ಸೋತ ಸೊಪ್ಪಿನ ದಂಟಿನ ತುದಿ ಕತ್ತರಿಸಿ, ತಣ್ಣನೆಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬಳುಕುವ ಕ್ಯಾರೆಟ್, ಮೂಲಂಗಿಗೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಫ್ರಿಜ್‌ನಲ್ಲಿ ನೀರಿನ ಡಬ್ಬಿಯೊಳಗೆ ಕೆಲವು ಗಂಟೆ ಬಿಡಿ. ಮೊದಲ ಸಲ ಇದನ್ನು ಮಾಡಿ ನೋಡಿದಾಗ ನಾನು ಎಷ್ಟು ಕ್ಯಾರೆಟ್ ಸುಮ್ನೆ ಎಸೆದಿದ್ದೆ ಅಂತ ಹೊಟ್ಟೆ ಉರಿಯಿತು.

ನೀರಿಗೂ ಬಗ್ಗದಷ್ಟು ಬಾಡಿದ್ದರೆ ಬೇಯಿಸುವ ಅಡುಗೆಗೆ ಹಾಕಿ. ಸೂಪಿನಲ್ಲಿ ಕ್ಯಾರೆಟ್ ಗರಿಗರಿ ಇತ್ತಾ ಅಂತ ಯಾರೂ ಕೇಳುವುದಿಲ್ಲ. ತೀರ ಹಣ್ಣಾದ ಟೊಮೆಟೊವನ್ನು ಹೆಚ್ಚಿ ಬತ್ತಿಸಿ, ಆರಿಸಿ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣನ್ನು ಸುಲಿದು ತುಂಡು ಮಾಡಿ ಫ್ರೀಜರ್‌ಗೆ ಹಾಕಿ. ಸುಲಿಯದೆ ಹಾಕಿದರೆ ಆಮೇಲೆ ಸಿಪ್ಪೆ ಬಿಡಿಸುವುದು ಪೀಕಲಾಟ.

ಎಸೆಯುವ ಭಾಗದಲ್ಲೂ ಊಟ ಇದೆ. ಬ್ರಾಕೊಲಿಯ ದಪ್ಪ ದಂಟಿನ ಹೊರ ಸಿಪ್ಪೆ ಕೆತ್ತಿದರೆ ಒಳಗಿನ ತಿರುಳು ಎಳಸಾಗಿ ಸಿಹಿಯಾಗಿರುತ್ತದೆ. ಹೂಕೋಸಿನ ಎಲೆ, ಕೊತ್ತಂಬರಿಯ ದಂಟು ಎಲ್ಲ ತಿನ್ನುವಂಥದ್ದೇ. ಚೆನ್ನಾಗಿ ತೊಳೆದ ಕ್ಯಾರೆಟ್‌ಗೆ ಸಿಪ್ಪೆ ತೆಗೆಯುವ ಅಗತ್ಯವೇ ಇಲ್ಲ. ಈರುಳ್ಳಿ ತುದಿ, ಕ್ಯಾರೆಟ್ ತುದಿ, ಅಣಬೆ ಕಾಲು, ಸೊಪ್ಪಿನ ದಂಟು ಇವನ್ನು ಫ್ರೀಜರ್‌ನಲ್ಲಿ ಒಂದು ಚೀಲದಲ್ಲಿ ಕೂಡಿಹಾಕಿ, ಚೀಲ ತುಂಬಿದ ದಿನ ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿದರೆ ಸೂಪಿಗೆ ಒಳ್ಳೆಯ ರಸ. ಕೋಸು, ಬ್ರಾಕೊಲಿ ಅದಕ್ಕೆ ಹಾಕಬೇಡಿ, ಕಹಿ ಬರುತ್ತದೆ. ಕೊಳೆತ ತುಂಡೂ ಬೇಡ, ಅದು ಕಸದ ಚೀಲವಲ್ಲ.

ಫ್ರೀಜರ್ ನಿಮ್ಮ ಉಳಿತಾಯ ಖಾತೆ

ಅಗ್ಗ ಇದ್ದಾಗ ತಂದು ಇಡಬೇಕು ಅಂದರೆ ಇದೊಂದೇ ದಾರಿ. ಹಸಿ ತರಕಾರಿಯನ್ನು ನೇರವಾಗಿ ಹಾಕಿದರೆ ಕೆಲವು ವಾರದಲ್ಲಿ ಬಣ್ಣ, ರುಚಿ ಎರಡೂ ಕೆಡುತ್ತವೆ. ಅದರೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೆ ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಬೇಕು. ಬೀನ್ಸ್, ಹೂಕೋಸಿಗೆ 3 ನಿಮಿಷ, ಹೆಚ್ಚಿದ ಕ್ಯಾರೆಟ್ ಮತ್ತು ಸೊಪ್ಪಿಗೆ 2 ನಿಮಿಷ, ಬಟಾಣಿಗೆ ಒಂದೂವರೆ ನಿಮಿಷ. ತೆಗೆದ ಕೂಡಲೇ ಐಸ್ ನೀರಿಗೆ ಹಾಕಿ ಅಷ್ಟೇ ಹೊತ್ತು ಬಿಡಿ. ಆಮೇಲೆ ಬಟ್ಟೆಯ ಮೇಲೆ ಹರಡಿ ಆರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ಅಂಟದ ಹಾಗೆ ಹರಡಿ ಗಟ್ಟಿಯಾಗಿಸಿ, ನಂತರ ಚೀಲಕ್ಕೆ ತುಂಬಿ ಗಾಳಿ ಹೊರಗೆ ಒತ್ತಿ. ಹೀಗೆ ಮಾಡಿದರೆ ಒಂದೇ ಮುದ್ದೆ ಆಗುವುದಿಲ್ಲ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ ಎಂಟು ತಿಂಗಳು, ವರ್ಷದವರೆಗೂ ರುಚಿ ಇರುತ್ತದೆ. ಈರುಳ್ಳಿ, ದಪ್ಪ ಮೆಣಸಿನಕಾಯಿಗೆ ಈ ಅದ್ದುವ ಕೆಲಸ ಬೇಕಿಲ್ಲ, ಹೆಚ್ಚಿ ಹಾಕಿದರಾಯಿತು.

ಸೌತೆಕಾಯಿ, ಸಲಾಡ್ ಎಲೆ, ಹಸಿ ಆಲೂಗಡ್ಡೆ ಫ್ರೀಜರ್‌ಗೆ ಬೇಡ. ಒಳಗಿನ ನೀರು ಹರಳುಗಟ್ಟಿ ಜೀವಕೋಶದ ಗೋಡೆ ಒಡೆಯುತ್ತದೆ, ಹೊರಗೆ ತೆಗೆದಾಗ ಸೋರುವ ಮುದ್ದೆ ಕೈಗೆ ಬರುತ್ತದೆ.

ಪ್ರತಿ ಚೀಲದ ಮೇಲೂ ಹೆಸರು, ತಾರೀಖು ಬರೆಯಿರಿ. ಆಗ ನೆನಪಿರುತ್ತದೆ ಅನ್ನಿಸುತ್ತದೆ. ಮೂರು ತಿಂಗಳ ಮೇಲೆ ಹೆಪ್ಪುಗಟ್ಟಿದ ಹಸಿರು ಉಂಡೆ ಪಾಲಕ್ಕೋ ಪುದೀನವೋ ಯಾರಿಗೂ ಗೊತ್ತಾಗುವುದಿಲ್ಲ.

ಯಾವಾಗ ಎಸೆಯಲೇಬೇಕು

ಉಳಿಸಬೇಕು ಅನ್ನುವ ಹಟದಲ್ಲಿ ಹೊಟ್ಟೆ ಕೆಡಿಸಿಕೊಳ್ಳಬಾರದು. ಮೆತ್ತಗಿನ ಪದಾರ್ಥಕ್ಕೆ ಬೂಷ್ಟು ಬಂದರೆ, ಅಂದರೆ ಬ್ರೆಡ್, ಟೊಮೆಟೊ, ಸ್ಟ್ರಾಬೆರಿ, ಉಳಿದ ಅಡುಗೆ, ಪೂರ್ತಿ ಎಸೆಯಿರಿ. ಮೇಲೆ ಕಾಣುವುದು ಸ್ವಲ್ಪ, ಅದರ ಎಳೆ ಒಳಗೆ ದೂರ ಹೋಗಿರುತ್ತದೆ. ಕೋಸು, ಕ್ಯಾರೆಟ್, ಗಟ್ಟಿ ಚೀಸ್‌ನಂಥ ಬಿಗಿ ಪದಾರ್ಥದಲ್ಲಿ ಬೂಷ್ಟಿನ ಸುತ್ತ ಮತ್ತು ಕೆಳಗೆ ಎರಡೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಉಳಿದದ್ದು ಬಳಸಬಹುದು. ಚಾಕು ಬೂಷ್ಟಿಗೆ ತಾಗದಿರಲಿ.

ಬೇಯಿಸಿದ ಆಹಾರ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅದರಲ್ಲಿರಬಹುದು, ಬೆಚ್ಚಗೆ ಬಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಒಳಗಿಡಿ. ಉಳಿದ ಅಡುಗೆಯನ್ನು ಮೂರು ನಾಲ್ಕು ದಿನದಲ್ಲಿ ಮುಗಿಸಿ, ಆಗದಿದ್ದರೆ ಮೊದಲ ದಿನವೇ ಫ್ರೀಜರ್‌ಗೆ ಹಾಕಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ಅದನ್ನು ಮಾತ್ರ ಮಾಡಲೇಬೇಡಿ. ಗಾಳಿ ಸಿಗದ ಆ ಜಾಗದಲ್ಲಿ ಬೊಟುಲಿಸಂ ಅನ್ನುವ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ಪ್ರಾಣಕ್ಕೇ ಅಪಾಯ.

ಪೊಟ್ಟಣದ ಮೇಲಿನ ತಾರೀಖಿನಲ್ಲೂ ಎರಡು ಬಗೆ ಇದೆ. ‘ಇಷ್ಟರೊಳಗೆ ಬಳಸಿ’ ಅಂತ ಇದ್ದರೆ ಅದು ಸುರಕ್ಷತೆಯ ಮಾತು, ದಾಟಿದ ಮೇಲೆ ತಿನ್ನಬೇಡಿ. ‘ಇಷ್ಟರೊಳಗೆ ಉತ್ತಮ’ ಅಂತ ಇದ್ದರೆ ಅದು ರುಚಿ, ಗುಣಮಟ್ಟದ ಮಾತು. ಆ ತಾರೀಖು ದಾಟಿದ ಒಣ ಪದಾರ್ಥವನ್ನು ನೋಡಿ, ಮೂಸಿ ತೀರ್ಮಾನ ಮಾಡಬಹುದು. ಮೊಟ್ಟೆ ನೀರಿನಲ್ಲಿ ತೇಲಿದರೆ ಹಳೆಯದಾಗಿದೆ ಅಂತ ಅರ್ಥ, ಒಳಗಿನ ಗಾಳಿಯ ಜಾಗ ದಿನ ಕಳೆದಂತೆ ದೊಡ್ಡದಾಗುತ್ತದೆ. ಒಡೆದಾಗ ವಾಸನೆ ಬಂದರೆ ಎಸೆಯಿರಿ.

ಒಬ್ಬರೇ ಇರುವವರಿಗೆ ಇದೆಲ್ಲ ಇನ್ನೂ ಕಷ್ಟ ಅಂತ ಗೊತ್ತು. ಇಡೀ ಕುಂಬಳಕಾಯಿ, ಇಡೀ ಕಟ್ಟು ಸೊಪ್ಪು ಒಬ್ಬರಿಗೆ ಹೇಗೆ ಮುಗಿಯುತ್ತದೆ? ತುಂಡಾಗಿ, ಬಿಡಿಯಾಗಿ ಕೊಡುವ ಕಡೆ ಕೊಳ್ಳಿ, ಕೆಜಿಗೆ ಸ್ವಲ್ಪ ಜಾಸ್ತಿ ಬಿದ್ದರೂ ತಿಂದ ತೂಕದ ಲೆಕ್ಕದಲ್ಲಿ ಅದೇ ಅಗ್ಗ. ಪಕ್ಕದ ಮನೆಯವರ ಜೊತೆ ಮಾತಾಡಿ ಒಂದು ಕೋಸನ್ನು ಇಬ್ಬರು ಹಂಚಿಕೊಳ್ಳಿ. ಅಡುಗೆಯನ್ನು ಎರಡು ಹೊತ್ತಿಗಾಗುವಷ್ಟು ಮಾಡಿ, ಒಂದು ಪಾಲನ್ನು ಉಣ್ಣುವ ಮುಂಚೆಯೇ ಡಬ್ಬಿಗೆ ತೆಗೆದಿಡಿ. ಹಸಿರು ಈರುಳ್ಳಿ ತಂದಾಗ ಬೇರಿನ ಕಡೆಯ ಎರಡು ಇಂಚನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಕಿಟಕಿಯಲ್ಲಿಡಿ, ಕೆಲವೇ ದಿನದಲ್ಲಿ ಹೊಸ ಹಸಿರು ಚಿಗುರು ಬರುತ್ತದೆ. ಬೇಕಾದಷ್ಟು ಮಾತ್ರ ಕತ್ತರಿಸಿಕೊಳ್ಳಬಹುದು, ಒಬ್ಬರ ಅಡುಗೆಗೆ ಅಷ್ಟು ಸಾಕು.